ಬ್ಯಾಂಕಿನವರು ನೋಡಿ ಹೋದ ಮೇಲೆ

“ಮೋಲ್ಡ್ ಆಯ್ತಲ್ಲ ಸಾರ್, ಬ್ಯಾಂಕಿನೋರನ್ನ ಕರೆಸಿ ತೋರಿಸಿಬಿಡಿ. ದುಡ್ಡು ಬಿದ್ದ ಮಾರನೇ ದಿನಾನೇ ಗಾರೆ ಕೆಲಸ ಶುರು ಮಾಡಿಸ್ತೀನಿ.”

ಸಾಲ ಎತ್ತಿ ಮನೆ ಕಟ್ಟಿಸಿದವರಿಗೆ ಕಾಂಟ್ರಾಕ್ಟರ್ ಆಡುವ ಈ ಮಾತು ಬಾಯಿಪಾಠ. ಮನೆಯವರು ಬ್ಯಾಂಕಿಗೆ ಅರ್ಜಿ ಬರೆದು ಕೊಡುತ್ತಾರೆ. ಎರಡು ಮೂರು ಸಲ ಫೋನ್ ಮಾಡಿ ನೆನಪಿಸಿದ ಮೇಲೆ ಒಂದು ದಿನ ಬ್ಯಾಂಕಿನ ಪರವಾಗಿ ಆಸ್ತಿಗೆ ಬೆಲೆ ಕಟ್ಟುವ ವ್ಯಾಲ್ಯುಯರ್ ಬೈಕಿನಲ್ಲಿ ಬರುತ್ತಾರೆ. ಮುಂದಿನಿಂದೊಂದು, ರಸ್ತೆ ಸೇರಿಸಿ ಒಂದು, ಒಳಗೆ ಮೂರು ನಾಲ್ಕು ಫೋಟೊ. ಟೇಪು ಹಿಡಿದು ಒಂದೆರಡು ಅಳತೆ. ಪಕ್ಕದ ಸೈಟು ಯಾರದ್ದು ಎಂಬ ವಿಚಾರಣೆ. ಸೆಂಟ್ರಿಂಗ್ ಕಂಬಗಳ ನಡುವೆ ತಲೆ ತಗ್ಗಿಸಿ ಒಂದು ಸುತ್ತು ಹಾಕಿ ಹೊರಟುಬಿಡುತ್ತಾರೆ. ಕೆಲವು ದಿನಗಳಲ್ಲಿ ಕಂತು ಖಾತೆಗೆ ಬೀಳುತ್ತದೆ.

ಹಣದ ಜೊತೆಗೆ ಮನೆಯವರ ಮನಸ್ಸಿನಲ್ಲಿ ಒಂದು ನಂಬಿಕೆಯೂ ಬಂದು ಕೂರುತ್ತದೆ: ಕೆಲಸ ಚೆನ್ನಾಗಿಯೇ ಆಗಿದೆ, ಇಲ್ಲದಿದ್ದರೆ ಬ್ಯಾಂಕಿನ ಎಂಜಿನಿಯರ್ ಒಪ್ಪುತ್ತಿದ್ದರೇ? ಎರಡು ಮಳೆಗಾಲ ಕಳೆದು ಚಾವಣಿ ಜಿನುಗತೊಡಗಿದಾಗ ಈ ನಂಬಿಕೆ ಹಿಡಿದುಕೊಂಡು ಬ್ಯಾಂಕಿಗೆ ಹೋದರೆ ಅಲ್ಲಿ ಕೇಳುವವರಿಲ್ಲ. ಆ ಭೇಟಿ ಮನೆಯ ಗಟ್ಟಿತನದ ಪರೀಕ್ಷೆಯಾಗಿರಲೇ ಇಲ್ಲ. ಅದರ ಶುಲ್ಕ ಕಟ್ಟಿದವರು ನೀವಾದರೂ ವರದಿ ಬರೆದದ್ದು ಬ್ಯಾಂಕಿಗಾಗಿ. ಮನೆ ಕಟ್ಟಿಸುವವರಲ್ಲಿ ಹೆಚ್ಚಿನವರು ಈ ವ್ಯತ್ಯಾಸ ತಿಳಿಯುವ ಹೊತ್ತಿಗೆ ಕಾಂಟ್ರಾಕ್ಟರ್ ಬೇರೆ ಬಡಾವಣೆಯಲ್ಲಿ ಬೇರೆ ಪಾಯ ತೋಡಿಸುತ್ತಿರುತ್ತಾನೆ.

ಕಂತಿನ ಲೆಕ್ಕ

ಇನ್ನೂ ಕಟ್ಟುತ್ತಿರುವ ಮನೆಯ ಸಾಲವನ್ನು ಬ್ಯಾಂಕ್ ಒಟ್ಟಿಗೆ ಕೊಡುವುದಿಲ್ಲ, ಕೊಡುವಂತೆಯೂ ಇಲ್ಲ. ಪೂರ್ತಿ ಸಾಲವನ್ನು ಮೊದಲೇ ಬಿಲ್ಡರ್ ಕೈಗೆ ಸೇರಿಸುವ 80:20, 75:25 ಮಾದರಿಯ ಯೋಜನೆಗಳು ಹೆಚ್ಚಿದಾಗ ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲಿ ಸುತ್ತೋಲೆ ಹೊರಡಿಸಿತು. ಮನೆ ಎಷ್ಟು ಮೇಲೆದ್ದಿದೆಯೋ ಅದಕ್ಕೆ ತಕ್ಕಂತೆಯೇ ಹಣ ಬಿಡುಗಡೆಯಾಗಬೇಕು, ಕಟ್ಟದ ಮನೆಗೆ ಮುಂಗಡವಾಗಿ ಸುರಿಯಬಾರದು ಎಂಬುದು ಅದರ ತಿರುಳು.

ಎಷ್ಟು ಸಾಲ ಎಂಬುದಕ್ಕೂ ಮಿತಿಯಿದೆ. 30 ಲಕ್ಷದವರೆಗಿನ ಸಾಲ ಆಸ್ತಿಯ ಮೌಲ್ಯದ ಶೇ 90ನ್ನು, 30ರಿಂದ 75 ಲಕ್ಷದವರೆಗಿನದು ಶೇ 80ನ್ನು, ಅದಕ್ಕೂ ಮೇಲಿನದು ಶೇ 75ನ್ನು ದಾಟುವಂತಿಲ್ಲ. ಮೌಲ್ಯ 50 ಲಕ್ಷವೆಂದು ವ್ಯಾಲ್ಯುಯರ್ ಬರೆದರೆ ಹೆಚ್ಚೆಂದರೆ 40 ಲಕ್ಷ ಸಾಲ ಹುಟ್ಟುತ್ತದೆ. ಉಳಿದ 10 ಲಕ್ಷ ನಿಮ್ಮದು. ಅದನ್ನು ಮೊದಲು ಹಾಕಿ ತೋರಿಸಿ ಎನ್ನುವುದು ಬ್ಯಾಂಕುಗಳ ವಾಡಿಕೆ. ಹಾಗಾಗಿ ಪಾಯದ ಖರ್ಚು ಸಾಮಾನ್ಯವಾಗಿ ಮನೆಯವರ ಉಳಿತಾಯದಿಂದಲೋ ಮಾರಿದ ಒಡವೆಯಿಂದಲೋ ಹೊರಡುತ್ತದೆ.

ಆಮೇಲೆ ಪ್ಲಿಂತ್, ಲಿಂಟಲ್, ಚಾವಣಿ, ಗಾರೆ, ಫಿನಿಶಿಂಗ್ ಎಂದು ಮೆಟ್ಟಿಲುಗಳು. ಪ್ರತಿ ಮೆಟ್ಟಿಲಲ್ಲಿ ವ್ಯಾಲ್ಯುಯರ್ ಎರಡು ಅಂಕಿ ಬರೆಯುತ್ತಾರೆ: ಕೆಲಸ ಶೇಕಡ ಎಷ್ಟಾಗಿದೆ, ಹಣ ಶೇಕಡ ಎಷ್ಟು ಕೊಡಬಹುದು. ಜಗಳ ಹುಟ್ಟುವುದು ಇಲ್ಲಿಯೇ. ಚಾವಣಿ ಬಿದ್ದ ಮನೆ ನೋಡುವವರಿಗೆ ಮುಕ್ಕಾಲು ಮುಗಿದಂತೆ ಕಾಣುತ್ತದೆ. ಖರ್ಚಿನ ಲೆಕ್ಕದಲ್ಲಿ ಅದು ಅರ್ಧದಾರಿ. ಗಾರೆ, ವೈರಿಂಗ್, ನಲ್ಲಿ ಕೆಲಸ, ಟೈಲ್ಸ್, ಬಾಗಿಲು ಕಿಟಕಿ, ಬಣ್ಣ ಎಲ್ಲವೂ ಮುಂದಿವೆ. ಆದರೆ ಕಾಂಟ್ರಾಕ್ಟರ್ ಜೊತೆಗಿನ ಕರಾರಿನಲ್ಲಿ ಚಾವಣಿಯ ಹೊತ್ತಿಗೆ ಹೆಚ್ಚಿನ ಹಣ ಸಂದಾಯವಾಗಬೇಕೆಂದು ಬರೆದಿರುತ್ತದೆ. ಬ್ಯಾಂಕಿನ ಶೇಕಡಕ್ಕೂ ಕರಾರಿನ ಶೇಕಡಕ್ಕೂ ನಡುವಿನ ಕಂದಕವನ್ನು ಮನೆಯವರು ಕೈಸಾಲದಿಂದ ತುಂಬಿಸುತ್ತಾರೆ. ಕೆಲಸ ಶುರುವಾಗುವ ಮುನ್ನವೇ ಎರಡು ಕಾಗದಗಳನ್ನು ಅಕ್ಕಪಕ್ಕ ಇಟ್ಟು ಹೊಂದಿಸಿಕೊಂಡರೆ ಈ ತೊಂದರೆಯಲ್ಲಿ ದೊಡ್ಡ ಪಾಲು ಬರುವುದೇ ಇಲ್ಲ.

ಹಂತ ಹಂತದ ಈ ತನಿಖೆ ಬ್ಯಾಂಕ್ ಸಾಲಗಾರರಿಗೆ ಮಾತ್ರ ಮೀಸಲಾಗಿಲ್ಲ. ಪಂಚಾಯಿತಿಯಿಂದ ಆಶ್ರಯ ಮನೆ ಪಡೆದ ಕುಟುಂಬಕ್ಕೂ ಪಾಯ, ಲಿಂಟಲ್, ಚಾವಣಿ, ಪೂರ್ಣ ಎಂದು ಮೆಟ್ಟಿಲುಗಳಿವೆ. ಪ್ರತಿ ಹಂತದಲ್ಲೂ ಮನೆಯ ಜಿಪಿಎಸ್ ಫೋಟೊ ರಾಜೀವ್ ಗಾಂಧಿ ವಸತಿ ನಿಗಮದ ಗಣಕಕ್ಕೆ ಏರಿದ ಮೇಲೆಯೇ ಮುಂದಿನ ಕಂತು. ಫೋಟೊ ತೆಗೆಯುವವರು ಬರುವುದು ತಡವಾದರೆ ಲಿಂಟಲ್ ಮಟ್ಟದಲ್ಲೇ ಗೋಡೆ ಮಳೆಗೆ ನೆನೆಯುತ್ತ ನಿಲ್ಲುತ್ತದೆ.

ಅವರು ನೋಡುವುದು, ನೋಡಲಾಗದ್ದು

ವ್ಯಾಲ್ಯುಯರ್ ಎನ್ನುವ ವೃತ್ತಿ ನಮ್ಮಲ್ಲಿ ಬೆಳೆದ ಬಗೆಯೇ ಅವರ ಕೆಲಸದ ಸ್ವರೂಪವನ್ನು ಹೇಳುತ್ತದೆ. ಬ್ಯಾಂಕುಗಳ ಪಟ್ಟಿಯಲ್ಲಿರುವ ಅನೇಕರ ನೋಂದಣಿ 1957ರ ಸಂಪತ್ತು ತೆರಿಗೆ ಕಾಯ್ದೆಯ 34ಎಬಿ ಕಲಮಿನಡಿ ಆದದ್ದು. ಸಿರಿವಂತರ ಆಸ್ತಿಗೆ ಬೆಲೆ ಕಟ್ಟಿ ತೆರಿಗೆ ಹಾಕಲು ಹುಟ್ಟಿದ ವ್ಯವಸ್ಥೆ ಅದು. 2015ರ ಬಜೆಟ್ಟಿನಲ್ಲಿ ಆ ತೆರಿಗೆಯೇ ರದ್ದಾಯಿತು. ನೋಂದಣಿ ಮಾತ್ರ ಉಳಿಯಿತು. 2017ರಲ್ಲಿ ಕಂಪನಿ ಕಾಯ್ದೆಯಡಿ ಹೊಸ ನಿಯಮಗಳು ಬಂದು, ಜಮೀನು ಮತ್ತು ಕಟ್ಟಡದ ಮೌಲ್ಯಮಾಪಕರಿಗೆ ಪರೀಕ್ಷೆ, ನೋಂದಣಿಯ ಇನ್ನೊಂದು ದಾರಿ ತೆರೆಯಿತು. ಹಳೆಯ ದಾರಿಯಾಗಲಿ ಹೊಸದಾಗಲಿ, ಸೇರುವುದು ಬೆಲೆಯೆಂಬ ಒಂದೇ ಊರಿಗೆ. ಸಾಲ ತೀರದೆ ಹೋಗಿ 2002ರ ಸರ್ಫೇಸಿ ಕಾಯ್ದೆಯಡಿ ಮನೆ ಹರಾಜಿಗೆ ಬಂದರೆ ಎಷ್ಟು ಹುಟ್ಟೀತು ಎಂಬುದೇ ಬ್ಯಾಂಕಿಗೆ ಬೇಕಾದ ಉತ್ತರ.

ಆದ್ದರಿಂದ ಅವರು ಮೊದಲು ನೋಡುವುದು ಚೆಕ್ಕುಬಂದಿ. ಪತ್ರದಲ್ಲಿ ಪೂರ್ವಕ್ಕೆ ರಸ್ತೆ ಎಂದಿದ್ದರೆ ಪೂರ್ವಕ್ಕೆ ರಸ್ತೆ ಇದೆಯೇ? ಒಂದೇ ತರದ ಸೈಟುಗಳ ಬಡಾವಣೆಯಲ್ಲಿ ಪಕ್ಕದವರ ಸೈಟಿನಲ್ಲಿ ಪಾಯ ಹಾಕಿದ ಪ್ರಸಂಗಗಳು ಕಟ್ಟುಕತೆಯಲ್ಲ. ಎರಡನೆಯದು ಮಂಜೂರಾದ ನಕ್ಷೆ. ಎರಡು ಮಹಡಿಗೆ ಒಪ್ಪಿಗೆ ಪಡೆದು ಮೂರನೆಯದು ಏಳುತ್ತಿದೆಯೇ, ಸುತ್ತ ಬಿಡಬೇಕಾದ ಜಾಗ ಬಿಟ್ಟಿದ್ದಾರೆಯೇ? ಮೂರನೆಯದು, ಕೆಲಸ ಎಲ್ಲಿಗೆ ಬಂದಿದೆ. ಇಷ್ಟನ್ನು ಪ್ರಾಮಾಣಿಕವಾಗಿ ನೋಡಿ ಬರೆಯುವ ವ್ಯಾಲ್ಯುಯರ್ ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿರುತ್ತಾರೆ.

ಮನೆ ಬಾಳಿಕೆ ಬರುವುದು ಮಾತ್ರ ಅವರ ಕಣ್ಣಿಗೆ ಬೀಳದ ಸಂಗತಿಗಳಿಂದ. ಕಾಂಕ್ರೀಟಿನ ಕೆಲಸಕ್ಕೆ ನಮ್ಮ ಎಂಜಿನಿಯರುಗಳು ನೆಚ್ಚುವ ಐಎಸ್ 456 ಮಾನಕದ ಪ್ರಕಾರ ಸಾಧಾರಣ ಪರಿಸರದಲ್ಲಿ ಚಾವಣಿಯ ಕಬ್ಬಿಣದ ಕೆಳಗೆ 20 ಮಿಲಿಮೀಟರ್ ಕಾಂಕ್ರೀಟ್ ಹೊದಿಕೆ ಇರಬೇಕು. ಅದಕ್ಕಾಗಿ ಸರಳುಗಳ ಕೆಳಗೆ ಕವರ್ ಬ್ಲಾಕ್ ಇಡುತ್ತಾರೆ. ಇಡದೆ ಕಂಬಿ ಸೆಂಟ್ರಿಂಗ್ ಶೀಟಿಗೇ ಕೂತರೆ ಕೆಲವೇ ವರ್ಷಗಳಲ್ಲಿ ತೇವ ತಾಗಿ ತುಕ್ಕು ಹಿಡಿಯುತ್ತದೆ, ಉಬ್ಬುತ್ತದೆ, ಗಾರೆ ಹೊಪ್ಪಳಿಕೆಯಾಗಿ ಉದುರುತ್ತದೆ. ಮೋಲ್ಡ್ ಹಾಕಿದ ಮೇಲೆ ಬಂದವರಿಗೆ ಕವರ್ ಬ್ಲಾಕ್ ಇತ್ತೋ ಇಲ್ಲವೋ ತಿಳಿಯುವುದು ಹೇಗೆ?

ನೀರು ಹಾಯಿಸುವುದೂ ಹಾಗೆಯೇ. ಮನೆ ಕೆಲಸಕ್ಕೆ ಈಗ ಹೆಚ್ಚಾಗಿ ಬಳಸುವ ಪಿಪಿಸಿ ತರದ ಮಿಶ್ರ ಸಿಮೆಂಟಿಗೆ ಕನಿಷ್ಠ 10 ದಿನ ಬಿಡದೆ ತೇವ ಬೇಕು, 14 ದಿನವಾದರೆ ಒಳ್ಳೆಯದು ಎನ್ನುತ್ತದೆ ಮಾನಕ. ನಾಲ್ಕೂವರೆ ಮೀಟರ್‌ವರೆಗಿನ ಚಾವಣಿಯ ಕೆಳಗಿನ ಆಸರೆ ಕಂಬಗಳನ್ನು 7 ದಿನ, ಅದಕ್ಕಿಂತ ಅಗಲವಾದರೆ 14 ದಿನ ತೆಗೆಯಬಾರದು. ಅದೂ ಸಾದಾ ಸಿಮೆಂಟಿನ ಲೆಕ್ಕ, ಮಿಶ್ರ ಸಿಮೆಂಟಾದರೆ ಇನ್ನಷ್ಟು ಕಾಯಬೇಕು. ಮೂರನೆಯ ದಿನಕ್ಕೇ ನೀರು ಹಾಯಿಸುವುದು ಬಿಟ್ಟ ಚಾವಣಿಯೂ ಹದಿನಾಲ್ಕು ದಿನ ಪಾತಿ ಕಟ್ಟಿ ನೀರು ನಿಲ್ಲಿಸಿದ ಚಾವಣಿಯೂ ವ್ಯಾಲ್ಯುಯರ್ ಫೋಟೊದಲ್ಲಿ ಒಂದೇ ತರ ಕಾಣುತ್ತವೆ. ಎರಡಕ್ಕೂ ಅಷ್ಟೇ ಶೇಕಡ, ಅಷ್ಟೇ ಕಂತು.

ಅಮೆರಿಕದ ಒಂದು ಫಾರಂ

ಈ ತನಿಖೆ ಬೇರೆ ಕಡೆ ಹೇಗೆ ನಡೆಯುತ್ತದೆ ಎಂದು ನ್ಯೂಜೆರ್ಸಿಯಲ್ಲೋ ಟೆಕ್ಸಾಸಿನಲ್ಲೋ ಮನೆ ಕೊಂಡ ನಮ್ಮವರನ್ನು ಕೇಳಿದರೆ ಅಪ್ರೈಸಲ್ ಎಂಬ ಹೆಸರು ತಕ್ಷಣ ಬಾಯಿಗೆ ಬರುತ್ತದೆ. ಅಲ್ಲಿ ಸಾಲಕ್ಕೆ ಮುನ್ನ ಬೆಲೆ ಕಟ್ಟುವವರು ವರದಿಯಲ್ಲಿ ಒಂದು ಆಯ್ಕೆ ಮಾಡಬೇಕು. ಮನೆ ಇದ್ದ ಹಾಗೆಯೇ ಇಷ್ಟು ಬೆಲೆ. ನಕ್ಷೆಯಂತೆ ಕಟ್ಟಿ ಮುಗಿಸಿದರೆ ಇಷ್ಟು. ಅಥವಾ ಪಟ್ಟಿ ಮಾಡಿದ ರಿಪೇರಿಗಳಾದರೆ ಇಷ್ಟು. ಎರಡನೆಯದಕ್ಕೋ ಮೂರನೆಯದಕ್ಕೋ ಗುರುತು ಬಿದ್ದರೆ ಸಾಲ ಷರತ್ತಿನ ಮೇಲೆ ನಿಂತಿತೆಂದು ಅರ್ಥ. ಕೆಲಸ ಮುಗಿದ ಮೇಲೆ ಅಪ್ರೈಸರ್ ಮತ್ತೆ ಹೋಗಿ ನೋಡಿ, ಫೋಟೊ ಸಹಿತ ಇನ್ನೊಂದು ಫಾರಂ ತುಂಬುತ್ತಾರೆ. ಬ್ಯಾಂಕುಗಳಿಂದ ಗೃಹಸಾಲಗಳನ್ನು ಕೊಳ್ಳುವ ಎರಡು ಸಂಸ್ಥೆಗಳಲ್ಲಿ ಫ್ಯಾನಿ ಮೇ ಲೆಕ್ಕದಲ್ಲಿ ಅದು 1004ಡಿ, ಫ್ರೆಡ್ಡಿ ಮ್ಯಾಕ್ ಲೆಕ್ಕದಲ್ಲಿ 442. ಮೊದಲ ವರದಿಯಲ್ಲಿ ಹೇಳಿದ್ದು ಹೇಳಿದಂತೆ ಆಗಿದೆಯೇ ಎಂಬುದಕ್ಕೆ ಅಲ್ಲಿ ಹೌದು ಅಥವಾ ಇಲ್ಲ ಎಂದು ಬರೆದು ಸಹಿ ಹಾಕಬೇಕು.

ಸರ್ಕಾರಿ ವಿಮೆಯ ಎಫ್‌ಎಚ್‌ಎ ಸಾಲಗಳಲ್ಲಿ ಇನ್ನೂ ಬಿಗಿ. 1978ಕ್ಕಿಂತ ಮೊದಲು ಕಟ್ಟಿದ ಮನೆಯಲ್ಲಿ ಬಣ್ಣದ ಚಕ್ಕೆ ಏಳುತ್ತಿದ್ದರೆ ಸೀಸದ ಭಯಕ್ಕೆ ಅದನ್ನು ಸರಿಪಡಿಸಿದ ಹೊರತು ಸಾಲ ಮುಂದೆ ಸಾಗದು. ಹಳೆಯ ಮನೆ ಕೊಂಡು ದುರಸ್ತಿ ಮಾಡಿಸುವ 203ಕೆ ಎಂಬ ಸಾಲದಲ್ಲಿ ರಿಪೇರಿಯ ಹಣ ಬೇರೆ ಖಾತೆಯಲ್ಲಿ ಕೂತು, ಕೆಲಸ ನೋಡಿ ನೋಡಿ ಬಿಡುಗಡೆಯಾಗುತ್ತದೆ. ದೊಡ್ಡ ರಿಪೇರಿಯಾದರೆ ಪ್ರತಿ ಕಂತಿನಲ್ಲೂ ಶೇ 10ರಷ್ಟನ್ನು ಕೊನೆಯವರೆಗೆ ಹಿಡಿದಿಡುತ್ತಾರೆ. ಹೊಸ ಮನೆಯಲ್ಲಿ ಚಳಿಗಾಲದ ಹಿಮದಿಂದಾಗಿ ಹೊರಗಿನ ಸಣ್ಣಪುಟ್ಟ ಕೆಲಸ ನಿಂತರೆ, ತಗಲುವ ಖರ್ಚಿನ ಶೇ 120ರಷ್ಟನ್ನು ಪ್ರತ್ಯೇಕ ಇಡಿಸಿ ಸಾಲ ಕೊಡುವ ಪದ್ಧತಿ ಫ್ಯಾನಿ ಮೇ ನಿಯಮದಲ್ಲಿದೆ. ಕೆಲಸ ಉಳಿಸಿಕೊಂಡವರ ಹಣವೂ ಅಲ್ಲಿ ಸಿಕ್ಕಿಕೊಂಡಿರುತ್ತದೆ.

ಇಷ್ಟೆಲ್ಲ ಬಿಗಿಯಿರುವ ದೇಶದಲ್ಲೂ ಅಪ್ರೈಸರ್ ನೋಡಿದರೆ ಸಾಕೆಂದು ಯಾರೂ ಹೇಳುವುದಿಲ್ಲ. ಎಫ್‌ಎಚ್‌ಎ ಸಾಲ ಪಡೆಯುವವರ ಕೈಗೆ ಒಂದು ಕಾಗದ ಕೊಡಲಾಗುತ್ತದೆ. ಅಪ್ರೈಸಲ್ ಬೇರೆ, ಮನೆಯ ತಪಾಸಣೆ ಬೇರೆ. ನಿಮ್ಮ ರಕ್ಷಣೆಗೆ ನೀವೇ ತಪಾಸಕರನ್ನು ಗೊತ್ತು ಮಾಡಿಕೊಳ್ಳಿ ಎಂದು ಅದರಲ್ಲಿ ಸರ್ಕಾರವೇ ಎಚ್ಚರಿಸುತ್ತದೆ. 2014ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ಮನೆಯ ಮೇಲಿನ ಮೊದಲ ಸಾಲಕ್ಕೆ ಮಾಡಿಸಿದ ಮೌಲ್ಯಮಾಪನದ ಪ್ರತಿಯನ್ನು ಸಾಲ ಕೇಳಿದವರಿಗೆ ಕೊಡಲೇಬೇಕು. ನಮ್ಮಲ್ಲಿ ಶುಲ್ಕ ಕಟ್ಟಿದವರಲ್ಲಿ ಬಹುಪಾಲು ಜನ ಆ ವರದಿಯನ್ನು ಕಣ್ಣಿಂದಲೂ ಕಂಡಿರುವುದಿಲ್ಲ. ಕೇಳುವುದೂ ಇಲ್ಲ.

ರಿಪೇರಿ ಎಂಬ ಮುಚ್ಚಿಟ್ಟ ಕೆಲಸ

ಹೊಸ ಮನೆಯ ಕೆಲಸ ಎದ್ದು ಕಾಣುತ್ತದೆ, ರಿಪೇರಿ ಹಾಗಲ್ಲ. ಮುಗಿಯಿತೆಂದರೆ ಮುಚ್ಚಿತೆಂದೇ ಲೆಕ್ಕ. ಬಚ್ಚಲಿನ ಸೋರಿಕೆ ನಿಲ್ಲಿಸಿದ್ದಕ್ಕೆ ಸಾಕ್ಷಿ ಟೈಲ್ಸಿನ ಕೆಳಗಿದೆ. ಹೊಸ ಪೈಪು ಗೋಡೆಯೊಳಗಿದೆ. ಚಾವಣಿಯ ತುಕ್ಕು ಕಂಬಿಗೆ ಮಾಡಿದ ಚಿಕಿತ್ಸೆ ಗಾರೆಯ ಹಿಂದಿದೆ. ದುರಸ್ತಿ ಸಾಲ ಕೊಟ್ಟ ಬ್ಯಾಂಕಿನವರು ಬಂದಾಗ ಕಾಣುವುದು ಹೊಸ ಬಣ್ಣ, ಹೊಸ ಟೈಲ್ಸು, ಒಂದು ಕಟ್ಟು ಬಿಲ್ಲು.

ಕಂಬಿಯ ರಿಪೇರಿಯನ್ನೇ ನೋಡಿ. ಸಡಿಲವಾದ ಕಾಂಕ್ರೀಟನ್ನು ಗಟ್ಟಿ ಸಿಗುವವರೆಗೆ ಕೆತ್ತಬೇಕು, ಕಂಬಿಯ ಹಿಂಬದಿಯೂ ಕಾಣುವಂತೆ ಬಿಡಿಸಿ ತುಕ್ಕನ್ನು ಉಜ್ಜಿ ತೆಗೆಯಬೇಕು, ತೀರ ಸವೆದಿದ್ದರೆ ಹೊಸ ಕಂಬಿ ಸೇರಿಸಬೇಕು, ತುಕ್ಕು ತಡೆಯುವ ಲೇಪ ಹಚ್ಚಿ, ಹಳತು ಹೊಸತನ್ನು ಬೆಸೆಯುವ ದ್ರಾವಣ ಬಳಿದು, ಪಾಲಿಮರ್ ಬೆರೆಸಿದ ಗಾರೆಯಿಂದ ತುಂಬಬೇಕು. ಇಷ್ಟನ್ನೂ ಬಿಟ್ಟು ಉದುರಿದ ಜಾಗಕ್ಕೆ ಸಿಮೆಂಟು ಮೆತ್ತಿ ಬಣ್ಣ ಹೊಡೆದರೂ ಫೋಟೊ ಚೆನ್ನಾಗಿಯೇ ಬರುತ್ತದೆ. ಒಳಗೆ ತುಕ್ಕು ತನ್ನ ಪಾಡಿಗೆ ಕೆಲಸ ಮುಂದುವರಿಸುತ್ತದೆ.

ಹಾಗಾಗಿ ರಿಪೇರಿಯನ್ನು ಮುಗಿದ ಮೇಲೆ ಪರೀಕ್ಷಿಸುವುದಕ್ಕಿಂತ ಮುಚ್ಚುವ ಮುನ್ನ ನೋಡುವುದೇ ಸರಿ. ಬಚ್ಚಲಿನ ತಗ್ಗಿಸಿದ ನೆಲಕ್ಕೆ ವಾಟರ್‌ಪ್ರೂಫಿಂಗ್ ಮಾಡಿದ ಮೇಲೆ, ಟೈಲ್ಸ್ ಹಾಕುವ ಮುನ್ನ, ಒಂದೆರಡು ದಿನ ನೀರು ಕಟ್ಟಿ ಕೆಳಗಿನ ಕೋಣೆಯಿಂದ ನೋಡಬೇಕು. ಪೈಪಿಗೆ ಒತ್ತಡ ಕೊಟ್ಟು ಗೇಜಿನ ಮುಳ್ಳು ಇಳಿಯುತ್ತದೆಯೇ ಎಂದು ಕಾದ ಮೇಲೆ ಗೋಡೆ ಮುಚ್ಚಬೇಕು. ಎರಡಕ್ಕೂ ದೊಡ್ಡ ಖರ್ಚಿಲ್ಲ. ಬೇಕಾದದ್ದು ಮೇಸ್ತ್ರಿಯ ಅವಸರಕ್ಕೆ ತಡೆ ಹಾಕುವ ಗಟ್ಟಿತನ. ಹಳೆಯ ಕಾಂಕ್ರೀಟಿನ ಬಗ್ಗೆಯೇ ಅನುಮಾನವಿದ್ದರೆ ರಿಬೌಂಡ್ ಹ್ಯಾಮರ್, ಶಬ್ದತರಂಗ ಹಾಯಿಸುವ ಪರೀಕ್ಷೆಗಳನ್ನು ಮಾಡಿಕೊಡುವ ಪ್ರಯೋಗಾಲಯಗಳು ಈಗ ದೊಡ್ಡ ಊರುಗಳಲ್ಲಿವೆ.

ತೆರಿಗೆಯವರ ಲೆಕ್ಕದಲ್ಲೂ ಕಟ್ಟುವುದು, ರಿಪೇರಿ ಬೇರೆ ಬೇರೆ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರು ಸ್ವಂತ ವಾಸದ ಮನೆ ಕಟ್ಟಲು ಪಡೆದ ಸಾಲದ ಬಡ್ಡಿಗೆ ವರ್ಷಕ್ಕೆ 2 ಲಕ್ಷದವರೆಗೆ ಕಡಿತ ಪಡೆಯಬಹುದು. ಆದರೆ ಸಾಲ ಪಡೆದ ಹಣಕಾಸು ವರ್ಷ ಮುಗಿದ 5 ವರ್ಷದೊಳಗೆ ಮನೆ ಪೂರ್ಣವಾಗಿರಬೇಕು. ತಪ್ಪಿದರೆ ಅದು 30,000ಕ್ಕೆ ಇಳಿಯುತ್ತದೆ. ರಿಪೇರಿ ಸಾಲಕ್ಕಾದರೆ ಮಿತಿ ಮೊದಲಿಂದಲೂ 30,000ವೇ.

ಪಾಲಿಕೆಯ ಮುದ್ರೆ

ಬ್ಯಾಂಕಿನ ದೃಷ್ಟಿಯಲ್ಲಿ ಶೇ 100 ಮುಗಿದ ಮನೆ ಕಾನೂನಿನ ದೃಷ್ಟಿಯಲ್ಲಿ ಮುಗಿಯದೆಯೂ ಇರಬಹುದು. ಅದಕ್ಕೆ ಸ್ವಾಧೀನಾನುಭವ ಪತ್ರ, ಎಲ್ಲರೂ ಕರೆಯುವಂತೆ ಓಸಿ, ಬೇಕು. ಬ್ಯಾಂಕುಗಳು ಇದನ್ನು ಗಮನಿಸಬೇಕೆಂಬ ಮಾತು ಹೊಸದಲ್ಲ. ದೆಹಲಿಯ ಅಕ್ರಮ ಕಟ್ಟಡಗಳ ಪ್ರಕರಣದಲ್ಲಿ ಅಲ್ಲಿನ ಹೈಕೋರ್ಟ್ ನೇಮಿಸಿದ್ದ ಸಮಿತಿಯ ನಿರ್ದೇಶನಗಳನ್ನು ಆಧರಿಸಿ 2006ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಸುತ್ತೋಲೆ ಕಳಿಸಿತ್ತು. ಸಾಲಗಾರ ನಕ್ಷೆ ಮೀರುವುದಿಲ್ಲವೆಂದು ಪ್ರಮಾಣಪತ್ರ ಕೊಡಬೇಕು. ಕೆಲಸ ಮುಗಿದ ಮೂರು ತಿಂಗಳೊಳಗೆ ಪೂರ್ಣತಾ ಪತ್ರ ತರಬೇಕು, ತರದಿದ್ದರೆ ಪೂರ್ತಿ ಸಾಲ ವಾಪಸು ಕೇಳಲು ಬ್ಯಾಂಕಿಗೆ ಅಧಿಕಾರ. ಬ್ಯಾಂಕ್ ನೇಮಿಸಿದ ಆರ್ಕಿಟೆಕ್ಟ್ ಹಂತ ಹಂತದಲ್ಲಿ ಕೆಲಸ ನಕ್ಷೆಯಂತೆ ಇದೆಯೆಂದು ದೃಢೀಕರಿಸಬೇಕು. ಇದು ಕಾಗದದ ಮೇಲಿದ್ದ ಕಾಲದಲ್ಲೇ ಬೆಂಗಳೂರಿನ ಬಡಾವಣೆಗಳಲ್ಲಿ ಸೆಟ್‌ಬ್ಯಾಕ್ ಬಿಡದ, ಓಸಿ ಇಲ್ಲದ ಮನೆಗಳು ಸಾಲು ಸಾಲಾಗಿ ಎದ್ದವು. ಎಲ್ಲವೂ ಕೈದುಡ್ಡಿನಲ್ಲಿ ಎದ್ದದ್ದೆಂದು ನಂಬುವುದು ಕಷ್ಟ.

2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಉತ್ತರಪ್ರದೇಶದ ಮೇರಠ್‌ನ ಅಕ್ರಮ ಕಟ್ಟಡದ ಪ್ರಕರಣದಲ್ಲಿ ದೇಶಕ್ಕೆಲ್ಲ ಅನ್ವಯಿಸುವ ನಿರ್ದೇಶನಗಳನ್ನು ಕೊಟ್ಟಿತು. ಕಟ್ಟಡವನ್ನು ಅಡಮಾನ ಹಿಡಿದು ಸಾಲ ಕೊಡುವ ಮುನ್ನ ಪೂರ್ಣತಾ ಪತ್ರ ಅಥವಾ ಓಸಿ ಪರಿಶೀಲಿಸಬೇಕು, ಅದಿಲ್ಲದೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದು ಎಂಬವು ಅವುಗಳಲ್ಲಿದ್ದವು. ಬಿಸಿ ಕರ್ನಾಟಕಕ್ಕೆ ತಟ್ಟಿದ್ದು 2025ರಲ್ಲಿ. ಕಟ್ಟಿ ಮುಗಿದ ಮನೆಗಳಿಗೆ ಕರೆಂಟು ಸಿಗದೆ ಜನ ಕಚೇರಿಗಳಿಗೆ ಅಲೆದರು. ಕೊನೆಗೆ ಬೆಂಗಳೂರಿನಲ್ಲಿ 1,200 ಚದರಡಿವರೆಗಿನ ನಿವೇಶನದ ಸಣ್ಣ ಮನೆಗಳಿಗೆ ಸರ್ಕಾರ ಓಸಿಯಿಂದ ವಿನಾಯಿತಿ ಕೊಟ್ಟಿತು. 30x40 ಸೈಟಿನವರು ಉಸಿರು ಬಿಟ್ಟರು. ದೊಡ್ಡ ಸೈಟಿನವರಿಗೆ ನಕ್ಷೆಯ ಗೆರೆ ಮೊದಲಿಗಿಂತ ಬಿಗಿಯಾಯಿತು. ವ್ಯಾಲ್ಯುಯರ್ ಕಂತು ಕಂತಿಗೂ ಒಪ್ಪಿದರೆಂಬುದು ಪಾಲಿಕೆಯ ಮುಂದೆ ವಾದವಾಗಿ ನಿಲ್ಲುವುದಿಲ್ಲ.

ಮನೆಯವರ ಪಾಲಿನ ತನಿಖೆ

ಫ್ಲಾಟ್ ಕೊಳ್ಳುವವರಿಗೆ 2016ರ ರೇರಾ ಕಾಯ್ದೆಯ ಆಸರೆ ಇದೆ. ಗ್ರಾಹಕರ ಹಣದ ಶೇ 70 ಪ್ರತ್ಯೇಕ ಖಾತೆಯಲ್ಲಿದ್ದು, ಎಂಜಿನಿಯರ್, ಆರ್ಕಿಟೆಕ್ಟ್, ಲೆಕ್ಕಪರಿಶೋಧಕ ಮೂವರೂ ಕೆಲಸದ ಪ್ರಮಾಣವನ್ನು ದೃಢೀಕರಿಸಿದ ಮೇಲೆಯೇ ಬಿಲ್ಡರ್ ಅದನ್ನು ತೆಗೆಯಬಹುದು. ಸ್ವಾಧೀನ ಕೊಟ್ಟ 5 ವರ್ಷದೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ 30 ದಿನದಲ್ಲಿ ಉಚಿತವಾಗಿ ಸರಿಪಡಿಸಬೇಕು. ಸ್ವಂತ ಸೈಟಿನಲ್ಲಿ ಕಾಂಟ್ರಾಕ್ಟರ್ ಹಿಡಿದು ಕಟ್ಟಿಸುವವರಿಗೆ ಇದಾವುದೂ ಇಲ್ಲ. ಅವರಿಗಿರುವ ಮುಖ್ಯ ಆಸರೆ ತಾವೇ ಬರೆಸಿಕೊಂಡ ಕರಾರು.

ಆದ್ದರಿಂದ ರೇರಾದಲ್ಲಿರುವುದನ್ನೇ ಆ ಕರಾರಿನೊಳಗೆ ತರಬೇಕು. ಬ್ಯಾಂಕಿನಿಂದ ಕಂತು ಬಂತೆಂಬುದು ಕಾಂಟ್ರಾಕ್ಟರಿಗೆ ಹಣ ಕೊಡಲು ಕಾರಣವಾಗಬಾರದು; ನಿಮ್ಮ ಎಂಜಿನಿಯರ್ ಒಪ್ಪಿದರೆಂಬುದು ಆಗಬೇಕು. ಆ ಎಂಜಿನಿಯರ್ ಕಾಂಟ್ರಾಕ್ಟರ್ ಕಡೆಯವರಾಗಿರಬಾರದು. ಅವರು ದಿನವೂ ಬರಬೇಕಿಲ್ಲ. ಪಾಯದ ಕಬ್ಬಿಣ ಕಟ್ಟಿದಾಗ, ಚಾವಣಿಯ ಕಂಬಿ ಹಾಸಿ ಮೋಲ್ಡ್ ಹಾಕುವ ಹಿಂದಿನ ದಿನ, ವೈರಿಂಗ್ ಪೈಪು ಮುಚ್ಚುವ ಮುನ್ನ, ಬಚ್ಚಲಿಗೆ ನೀರು ಕಟ್ಟಿದಾಗ ಬಂದರೆ ಸಾಕು. ಅವರ ಸಂಭಾವನೆ ಚಾವಣಿಯನ್ನು ಮತ್ತೆ ಕೆತ್ತಿಸುವ ಖರ್ಚಿನ ಮುಂದೆ ಸಣ್ಣದು. ಪ್ರತಿ ಸಲದ ಫೋಟೊ, ಸಿಮೆಂಟು ಕಬ್ಬಿಣದ ಬಿಲ್ಲುಗಳನ್ನು ಒಂದೇ ಕಡೆ ಇಡಿ. ನಾಳೆ ಮನೆ ಮಾರುವಾಗಲೋ ಸಾಲವನ್ನು ಬೇರೆ ಬ್ಯಾಂಕಿಗೆ ವರ್ಗಾಯಿಸುವಾಗಲೋ ಅವು ಕೆಲಸಕ್ಕೆ ಬರುತ್ತವೆ.

ನಮ್ಮಲ್ಲಿ ತನಿಖೆಯನ್ನು ಕೆಡಿಸುವ ದೊಡ್ಡ ಶತ್ರು ಮುಹೂರ್ತ. ಆಷಾಢ ಹಿಡಿಯುವ ಮುನ್ನ ಗೃಹಪ್ರವೇಶ ಆಗಲೇಬೇಕೆಂದು ಪತ್ರಿಕೆ ಹಂಚಿದ ಮೇಲೆ ಗಾರೆ ಒಣಗದೆ ಬಣ್ಣ ಬೀಳುತ್ತದೆ, ನೀರು ಕಟ್ಟದೆ ಟೈಲ್ಸ್ ಕೂರುತ್ತವೆ, ಕೊನೆಯ ಕಂತು ಬಾಗಿಲ ತೋರಣದ ಕೆಳಗೇ ಕೈ ಬದಲಾಗುತ್ತದೆ. ಹಾಲು ಉಕ್ಕಿಸುವ ದಿನವನ್ನು ಪುರೋಹಿತರು ಇಟ್ಟುಕೊಡಲಿ. ಲೆಕ್ಕ ಚುಕ್ತಾ ಮಾಡುವ ದಿನ ಒಂದು ಮಳೆಗಾಲ ಕಳೆದ ಮೇಲಿನದ್ದಾಗಿರಲಿ. ಒಟ್ಟು ಮೊತ್ತದಲ್ಲಿ ಶೇ 5ನ್ನಾದರೂ ಅಲ್ಲಿಯವರೆಗೆ ಹಿಡಿದಿಡುವುದಾಗಿ ಕರಾರಿನಲ್ಲೇ ಬರೆಸಿಕೊಂಡರೆ ಕಾಂಟ್ರಾಕ್ಟರಿಗೂ ಮುಜುಗರವಿಲ್ಲ. ಒಪ್ಪದವನು ತನ್ನ ಕೆಲಸದ ಬಗ್ಗೆ ತಾನೇ ಏನೋ ಹೇಳುತ್ತಿದ್ದಾನೆ ಎಂದುಕೊಳ್ಳಬಹುದು.

ಬ್ಯಾಂಕಿನ ವ್ಯಾಲ್ಯುಯರ್ ಮನೆಯನ್ನು ನೋಡುವುದು ಅದು ಎಷ್ಟಕ್ಕೆ ಮಾರಿ ಹೋದೀತೆಂದು. ನೀವು ಕಟ್ಟಿಸುವುದು ಮಾರದೆ ಬಾಳುವುದಕ್ಕೆ. ಹಾಗಾಗಿ ವರದಿಯ ಪ್ರತಿಯನ್ನು ಕೇಳಿ ಪಡೆದುಕೊಳ್ಳಿ, ಶೇಕಡದ ಅಂಕಿ ಓದಿ, ನಕ್ಷೆ ಮೀರಿದ್ದನ್ನು ಅವರು ಗುರುತಿಸಿದ್ದರೆ ಅಲ್ಲಿಯೇ ಸರಿಪಡಿಸಿಕೊಳ್ಳಿ. ಅವರು ಬರೆಯದೆ ಬಿಟ್ಟದ್ದನ್ನು ಕಾಂಕ್ರೀಟ್ ಬೀಳುವ ಮುನ್ನ, ಗಾರೆ ಮುಚ್ಚುವ ಮುನ್ನ ನೋಡಿಸುವ ಹೊಣೆ ಇಪ್ಪತ್ತು ವರ್ಷ ಇಎಂಐ ಕಟ್ಟುವವರದೇ.